ಡೇಸ್‌ಪ್ರಿಂಗ್: ಬೀದಿಯ ಮಾತಿನಿಂದ ಪ್ರಾರ್ಥನೆಗೆ ಸರಿದ ಬೆಳಗು

ಬೆಳಗಿನ ಜಾವಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ಕೇಳಿದರೆ ಶಾಲಾ ಮಕ್ಕಳೂ 'ಡಾನ್' ಎಂದು ಉತ್ತರಿಸುತ್ತಾರೆ. ಆ ಭಾಷೆಯ ಅತ್ಯಂತ ಪುರಾತನ ಪದಗಳಲ್ಲಿ ಅದೂ ಒಂದಿರಬೇಕು ಎಂಬ ಭಾವನೆ ಸಹಜ. ವಾಸ್ತವ ಬೇರೆಯೇ ಇದೆ. 'ಡಾನ್' ಎಂಬುದು ನಾಮಪದವಾಗಿ ಬಳಕೆಗೆ ಬಂದದ್ದು 1590ರ ದಶಕದಲ್ಲಿ. ಅದಕ್ಕಿಂತ ಸುಮಾರು 300 ವರ್ಷಗಳಷ್ಟು ಹಿರಿಯದಾದ ಮತ್ತೊಂದು ಪದ ಇಂಗ್ಲಿಷಿನಲ್ಲಿತ್ತು. ಅದೇ 'ಡೇಸ್‌ಪ್ರಿಂಗ್'.

ಇಂದಿನ ನಿಘಂಟುಗಳು ಈ ಪದದ ಮುಂದೆ 'ಪ್ರಾಚೀನ' ಅಥವಾ 'ಕಾವ್ಯಭಾಷೆ' ಎಂಬ ಸೂಚನೆಯನ್ನು ನೀಡುತ್ತವೆ. ಇಂಗ್ಲೆಂಡಿನ ಬೀದಿಗಳಲ್ಲಿ ಈ ಮಾತು ಕೇಳಿಬರುವುದಿಲ್ಲ. ಕ್ರಿಸ್‌ಮಸ್‌ಗೆ ಮುನ್ನಿನ ವಾರಗಳಲ್ಲಿ ಚರ್ಚುಗಳ ಹಾಡಿನಲ್ಲಿ, ಹಳೆಯ ಪ್ರಾರ್ಥನಾ ಪುಸ್ತಕಗಳಲ್ಲಿ, ಮಿಲ್ಟನ್ನನ ಕಾವ್ಯದಲ್ಲಿ ಮಾತ್ರ ಅದು ಉಳಿದುಕೊಂಡಿದೆ. ಹಾಗೆಂದು ಅದು ಹುಟ್ಟಿನಿಂದಲೇ ಗಂಭೀರವಾದ, ದೇವಾಲಯದ ಪದವಾಗಿರಲಿಲ್ಲ. ಸಾಮಾನ್ಯರ ಮಾತಿಗೆ ಹತ್ತಿರವಾಗಿದ್ದ ಪದವೊಂದು ಪವಿತ್ರ ಗ್ರಂಥದೊಳಗೆ ಸೇರಿ, ಅಲ್ಲಿಯೇ ಉಳಿದು, ಕೊನೆಗೆ ಸಾಮಾನ್ಯರಿಗೇ ಅರ್ಥವಾಗದಂತಾದ ಕಥೆ ಇದು.

ಪದ ಪರಿಚಯ

ಪದ: ಡೇಸ್‌ಪ್ರಿಂಗ್. ಹಳೆಯ ಗ್ರಂಥಗಳಲ್ಲಿ ನಡುವೆ ಅಡ್ಡಗೆರೆ ಹಾಕಿ 'ಡೇ-ಸ್ಪ್ರಿಂಗ್' ಎಂದೂ ಮುದ್ರಿಸಿರುವುದುಂಟು.
ಅರ್ಥ: ಬೆಳಗಿನ ಜಾವ, ಅರುಣೋದಯ. ಲಾಕ್ಷಣಿಕವಾಗಿ ಹೊಸ ಯುಗದ ಆರಂಭ.
ರಚನೆ: 'ಡೇ' (ದಿನ, ಹಗಲು) ಮತ್ತು 'ಸ್ಪ್ರಿಂಗ್' (ಚಿಮ್ಮುವಿಕೆ, ಮೇಲೇಳುವಿಕೆ).
ಮೊದಲ ಬಳಕೆ: ಸುಮಾರು ಕ್ರಿ.ಶ. 1300, ಮಧ್ಯಕಾಲೀನ ಇಂಗ್ಲಿಷ್.

ವಸಂತವೂ ಅಲ್ಲ, ತಂತಿಯ ಸುರುಳಿಯೂ ಅಲ್ಲ

ಈ ಪದವನ್ನು ಮೊದಲ ಬಾರಿ ಕಂಡವರು 'ವಸಂತದ ದಿನ' ಎಂದು ಅರ್ಥೈಸುವ ಸಂಭವವಿದೆ. ಅದು ಸರಿಯಲ್ಲ. ಹಳೆಯ ಇಂಗ್ಲಿಷಿನ 'ಸ್ಪ್ರಿಂಗನ್' ಎಂಬ ಕ್ರಿಯಾಪದಕ್ಕೆ ನೆಗೆ, ಚಿಮ್ಮು, ಒಡೆದು ಹೊರಬರು ಎಂಬ ಅರ್ಥಗಳಿದ್ದವು. ನೆಲದಿಂದ ನೀರು ಚಿಮ್ಮುವ ಜಾಗ 'ಸ್ಪ್ರಿಂಗ್', ಅಂದರೆ ಬುಗ್ಗೆ. ಗಿಡಗಳಲ್ಲಿ ಚಿಗುರು ಒಡೆಯುವ ಕಾಲವೂ 'ಸ್ಪ್ರಿಂಗ್', ಅಂದರೆ ವಸಂತ. ಒತ್ತಿ ಬಿಟ್ಟಾಗ ಪುಟಿದೇಳುವ ಲೋಹದ ಸುರುಳಿಯೂ 'ಸ್ಪ್ರಿಂಗ್'. ಕತ್ತಲನ್ನು ಒಡೆದು ಹಗಲು ಚಿಮ್ಮುವ ಹೊತ್ತೇ 'ಡೇಸ್‌ಪ್ರಿಂಗ್'. ಇವೆಲ್ಲವೂ ಒಂದೇ ಬೇರಿನ ಕವಲುಗಳು. ಸಂತಾನ ಎಂಬರ್ಥದ 'ಆಫ್‌ಸ್ಪ್ರಿಂಗ್', ಮೂಲಸೆಲೆ ಎಂಬರ್ಥದ 'ವೆಲ್‌ಸ್ಪ್ರಿಂಗ್' ಪದಗಳು ಇಂದಿಗೂ ಬಳಕೆಯಲ್ಲಿವೆ. ಅದೇ ಕುಟುಂಬದ 'ಡೇಸ್‌ಪ್ರಿಂಗ್' ಮಾತ್ರ ಮರೆಯಾಯಿತು.

ವಸಂತ ಋತುವಿಗೆ 'ಸ್ಪ್ರಿಂಗ್' ಎಂಬ ಹೆಸರು ನೆಲೆಗೊಂಡದ್ದು ಹದಿನಾರನೆಯ ಶತಮಾನದಲ್ಲಿ. ಅದಕ್ಕೂ ಮೊದಲು ಆ ಋತುವನ್ನು 'ಲೆಂಟ್' ಎಂಬ ಪದದಿಂದ ಗುರುತಿಸುತ್ತಿದ್ದರು. ಈಗ ಆ ಪದ ಈಸ್ಟರ್‌ಗೆ ಮುನ್ನಿನ ಉಪವಾಸ ಕಾಲಕ್ಕೆ ಸೀಮಿತವಾಗಿದೆ. ಆದ್ದರಿಂದ ಬೆಳಗಿನೊಡನೆ 'ಸ್ಪ್ರಿಂಗ್' ಪದದ ನಂಟು ಋತುವಿನ ಹೆಸರಿಗಿಂತಲೂ ಹಳೆಯದು.

'ಡೇ' ಪದದ ಬಗೆಗೂ ಒಂದು ತಪ್ಪು ಕಲ್ಪನೆ ಪ್ರಚಲಿತವಾಗಿದೆ. ಲ್ಯಾಟಿನ್ನಿನ 'ಡಿಯೇಸ್', ಸಂಸ್ಕೃತದ 'ದಿನ' ಮತ್ತು ಇಂಗ್ಲಿಷಿನ 'ಡೇ' ಒಂದೇ ಮೂಲದವು ಎಂದು ಅನೇಕರು ಭಾವಿಸುತ್ತಾರೆ. ಧ್ವನಿಯಲ್ಲಿ ಹೋಲಿಕೆ ಇದ್ದರೂ ಇಂಗ್ಲಿಷಿನ 'ಡೇ' ಜರ್ಮಾನಿಕ್ ಕುಟುಂಬದ ಬೇರೆಯೇ ಧಾತುವಿನಿಂದ ಬಂದದ್ದು. ಮೊದಲ ಎರಡಕ್ಕೂ ಅದಕ್ಕೂ ರಕ್ತಸಂಬಂಧವಿಲ್ಲ.

ಹಳೆಯ ಇಂಗ್ಲಿಷಿನ ನಸುಕುಗಳು

'ಡೇಸ್‌ಪ್ರಿಂಗ್' ಹುಟ್ಟುವ ಮುನ್ನವೂ ಇಂಗ್ಲಿಷರಿಗೆ ಬೆಳಗಾಗುತ್ತಿತ್ತು, ಬೆಳಗಿಗೆ ಹೆಸರುಗಳೂ ಇದ್ದವು. ಕ್ರಿ.ಶ. 1100ಕ್ಕೆ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ರಾತ್ರಿಯ ಕೊನೆಯ ಪಾಲಿಗೆ, ಅಂದರೆ ಬೆಳಕು ಮೂಡುವುದಕ್ಕೂ ಮುನ್ನಿನ ಗಾಢ ನಸುಕಿಗೆ 'ಉಹ್ತ್' ಎಂದು ಹೆಸರಿತ್ತು. ಆ ಹೊತ್ತಿನಲ್ಲಿ ಸನ್ಯಾಸಿಗಳು ಹಾಡುತ್ತಿದ್ದ ಪ್ರಾರ್ಥನೆಗೆ 'ಉಹ್ತ್‌ಸಾಂಗ್' ಎನ್ನುತ್ತಿದ್ದರು. ಭಾಷಾವಿಜ್ಞಾನಿಗಳು ಈ ಪದವನ್ನು ರಾತ್ರಿ ಎಂಬರ್ಥದ ಪ್ರಾಚೀನ ಇಂಡೋ-ಯುರೋಪಿಯನ್ ಧಾತುವಿಗೆ ಜೋಡಿಸುತ್ತಾರೆ. ಸಂಸ್ಕೃತದ 'ನಕ್ತ' ಅದೇ ಧಾತುವಿನದು. ಇಂಗ್ಲಿಷಿನಲ್ಲಿ 'ಉಹ್ತ್' ಅಳಿದರೂ ಅದರ ಸೋದರ ಪದಗಳು ನೆರೆಯ ಭಾಷೆಗಳಲ್ಲಿ ಉಳಿದಿವೆ. ಡಚ್ಚರು ಮುಂಜಾನೆಗೆ 'ಓಖ್ತೆಂಡ್' ಎನ್ನುತ್ತಾರೆ. ಸ್ವೀಡನ್ನಿನಲ್ಲಿ ಕ್ರಿಸ್‌ಮಸ್ ದಿನದ ನಸುಕಿನ ಆರಾಧನೆಗೆ 'ಯೂಲೋಟ್ಟಾ' ಎಂಬ ಹೆಸರಿದೆ.

'ಎಕ್ಸೆಟರ್ ಪುಸ್ತಕ' ಎಂದು ಹೆಸರಾದ ಹತ್ತನೆಯ ಶತಮಾನದ ಹಸ್ತಪ್ರತಿಯಲ್ಲಿರುವ ಒಂದು ಕವಿತೆಯನ್ನು ವಿದ್ವಾಂಸರು 'ಹೆಂಡತಿಯ ಪ್ರಲಾಪ' ಎಂದು ಕರೆದಿದ್ದಾರೆ. ಕಡಲಾಚೆಗೆ ಹೋದ ಗಂಡ ಎಲ್ಲಿದ್ದಾನೆಂದು ತಿಳಿಯದ ಹೆಣ್ಣೊಬ್ಬಳ ಅಳಲು ಅದರಲ್ಲಿದೆ. ತನ್ನ ಸಂಕಟವನ್ನು ಆಕೆ 'ಉಹ್ತ್‌ಚಾರೆ' ಎಂಬ ಒಂದೇ ಪದದಲ್ಲಿ ಹೇಳುತ್ತಾಳೆ. ನಸುಕಿನ ಚಿಂತೆ ಎಂದು ಅದರ ಅರ್ಥ. ನಿದ್ದೆ ಹಾರಿಹೋಗಿ, ಬೆಳಕೂ ಹರಿಯದೆ, ಮನಸ್ಸು ಕಳವಳಿಸುವ ಹೊತ್ತಿನ ವೇದನೆ. ಇಂದು ಉಳಿದಿರುವ ಸಮಸ್ತ ಹಳೆಯ ಇಂಗ್ಲಿಷ್ ಬರಹದಲ್ಲಿ ಈ ಪದ ಇರುವುದು ಈ ಒಂದೇ ಕಡೆ. ಆ ಹಸ್ತಪ್ರತಿ ಉಳಿಯದಿದ್ದಲ್ಲಿ ಇಂಥದೊಂದು ಮಾತಿತ್ತು ಎಂಬುದೂ ತಿಳಿಯುತ್ತಿರಲಿಲ್ಲ.

ಬೆಳಕು ಹರಿಯುವ ಹೊತ್ತಿಗೆ ಇದ್ದ ಇನ್ನೊಂದು ಪದ 'ಡೇಯ್‌ರೆಡ್'. ಕ್ರಿ.ಶ. 1000ದ ಸುಮಾರಿನಲ್ಲಿ ಏಲ್ಫ್ರಿಕ್ ಎಂಬ ಸನ್ಯಾಸಿ ಮಠದ ಬಾಲಕರಿಗೆ ಲ್ಯಾಟಿನ್ ಕಲಿಸಲೆಂದು ಸಂಭಾಷಣಾ ರೂಪದ ಪಾಠವೊಂದನ್ನು ರಚಿಸಿದನು. ಅದರ ಸಾಲುಗಳ ನಡುವೆ ಆನಂತರ ಹಳೆಯ ಇಂಗ್ಲಿಷಿನ ಅರ್ಥವನ್ನೂ ಬರೆಯಲಾಯಿತು. ಆ ಪಾಠದಲ್ಲಿ ಗುರುವು ಉಳುವವನೊಬ್ಬನನ್ನು ಅವನ ಕೆಲಸದ ಬಗ್ಗೆ ಕೇಳುತ್ತಾನೆ. 'ಡೇಯ್‌ರೆಡ್'ನಲ್ಲಿಯೇ ಎತ್ತುಗಳನ್ನು ಹೊಲಕ್ಕೆ ಹೊಡೆದುಕೊಂಡು ಹೋಗುತ್ತೇನೆ, ಎಂಥ ಕೊರೆಯುವ ಚಳಿಯಿದ್ದರೂ ಒಡೆಯನ ಭಯದಿಂದ ಮನೆಯಲ್ಲಿ ಉಳಿಯುವ ಧೈರ್ಯವಿಲ್ಲ, ದಿನಕ್ಕೆ ಒಂದು ಎಕರೆಯನ್ನಾದರೂ ಉಳಲೇಬೇಕು ಎಂಬುದು ಅವನ ಉತ್ತರ. ಎತ್ತುಗಳನ್ನು ಅಟ್ಟುವ ಹುಡುಗನ ದನಿ ಚಳಿಗೂ ಕೂಗಾಟಕ್ಕೂ ಒಡೆದುಹೋಗಿದೆ. ಇಷ್ಟು ಕಷ್ಟವೇಕೆಂದರೆ ತಾನು ಸ್ವತಂತ್ರನಲ್ಲ ಎನ್ನುತ್ತಾನೆ ಅವನು. ಬೆಳಗು ಎಂಬ ಪದ ಅಲ್ಲಿ ಸೌಂದರ್ಯದ ಮಾತಲ್ಲ, ದುಡಿಮೆಯ ಗಂಟೆ.

ಚಾಸರನ ಕಾಲದ ಬೆಳಗು

1066ರ ನಾರ್ಮನ್ ವಿಜಯದ ತರುವಾಯ ಇಂಗ್ಲಿಷ್ ಭಾಷೆ ಬಹಳಷ್ಟು ಬದಲಾಯಿತು. 'ಉಹ್ತ್', 'ಡೇಯ್‌ರೆಡ್'ಗಳು ಕ್ರಮೇಣ ಮಾಸಿದವು. ಅವುಗಳ ಜಾಗದಲ್ಲಿ ಜನ ಹಗಲು 'ಸ್ಪ್ರಿಂಗ್' ಆಯಿತು, ಅಂದರೆ ಚಿಮ್ಮಿತು ಎನ್ನತೊಡಗಿದರು. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಜೆಫ್ರಿ ಚಾಸರ್ ಬರೆದ 'ಕ್ಯಾಂಟರ್‌ಬರಿ ಕಥೆಗಳು' ಕಾವ್ಯದಲ್ಲಿ ಯಾತ್ರಿಕರು ಹೊರಡುವ ಮುಂಜಾನೆಯ ವರ್ಣನೆಗೆ ಇದೇ ಮಾತು ಬಳಕೆಯಾಗಿದೆ. ಹಗಲು ಚಿಮ್ಮುತ್ತಿದ್ದಂತೆ ಎದ್ದು, ಕೋಳಿಹುಂಜದಂತೆ ಎಲ್ಲರನ್ನೂ ಎಬ್ಬಿಸಿ ಒಟ್ಟುಗೂಡಿಸುವವನು ಛತ್ರದ ಮಾಲೀಕ. ಆತ ಅರ್ಚಕನೂ ಅಲ್ಲ, ಪಂಡಿತನೂ ಅಲ್ಲ. ಊಟ ವಸತಿಯ ವ್ಯಾಪಾರ ಮಾಡುವ ಲೋಕರೂಢಿಯ ಮನುಷ್ಯ. 'ಡೇಸ್‌ಪ್ರಿಂಗ್' ಇಂಥ ದಿನನಿತ್ಯದ ನುಡಿಗಟ್ಟಿನ ನಾಮಪದ ರೂಪವೆಂಬುದು ಗಮನಾರ್ಹ.

ಮೌನದ ಕೊನೆಯಲ್ಲಿ ಬಂದ ಪದ

ಈ ಪದದ ಭವಿಷ್ಯವನ್ನು ನಿರ್ಧರಿಸಿದ್ದು ಬೈಬಲಿನ ಒಂದು ಸಾಲು. ಲೂಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಜಕರೀಯ ಎಂಬ ವೃದ್ಧ ಯಾಜಕನ ಪ್ರಸಂಗವಿದೆ. ಇಳಿವಯಸ್ಸಿನಲ್ಲಿ ಮಗ ಹುಟ್ಟುವನೆಂಬ ದೇವದೂತನ ಮಾತನ್ನು ನಂಬದ ಕಾರಣ ಆತ ಮೂಕನಾಗುತ್ತಾನೆ. ಮಗು ಹುಟ್ಟಿ, ಅದಕ್ಕೆ ಯೋಹಾನ ಎಂದು ಹೆಸರಿಟ್ಟಾಗ ಅವನ ನಾಲಗೆ ಮತ್ತೆ ತಿರುಗುತ್ತದೆ. ತಿಂಗಳುಗಟ್ಟಲೆಯ ಮೌನದ ನಂತರ ಆತ ಹಾಡುವ ಸ್ತೋತ್ರದ ಕೊನೆಯ ಭಾಗದಲ್ಲಿ, ಕತ್ತಲಲ್ಲಿ ಕುಳಿತವರಿಗೆ ಬೆಳಕಾಗಲು ಮೇಲಿನಿಂದ ಉದಯವೊಂದು ಬರುತ್ತದೆ ಎಂಬ ಭಾವವಿದೆ.

ಮೂಲ ಗ್ರೀಕಿನಲ್ಲಿ ಅಲ್ಲಿರುವ ಪದ 'ಅನಾತೊಲೆ'. ಅದಕ್ಕೆ ಉದಯ ಎಂಬ ಅರ್ಥವೂ ಉಂಟು, ಪೂರ್ವದಿಕ್ಕು ಎಂಬ ಅರ್ಥವೂ ಉಂಟು. ಇಂದಿನ ತುರ್ಕಿಯ ಬಹುಭಾಗಕ್ಕೆ 'ಅನಾತೋಲಿಯಾ' ಎಂಬ ಹೆಸರು ಬಂದದ್ದು ಇದರಿಂದಲೇ. ಹೀಬ್ರೂ ಧರ್ಮಗ್ರಂಥಗಳ ಪ್ರಾಚೀನ ಗ್ರೀಕ್ ಅನುವಾದದಲ್ಲಿ ಚಿಗುರು, ಮೊಳಕೆ ಎಂಬರ್ಥದ ಹೀಬ್ರೂ ಪದಕ್ಕೂ ಇದೇ 'ಅನಾತೊಲೆ'ಯನ್ನು ಬಳಸಲಾಗಿದೆ.

ಕನ್ನಡಿಗರಿಗೆ ಈ ಮೂರು ಅರ್ಥಗಳ ಕೂಟ ಅಪರಿಚಿತವೇನಲ್ಲ. ನಮ್ಮಲ್ಲಿ ಸೂರ್ಯನೂ ಮೂಡುತ್ತಾನೆ, ಮೊಳಕೆಯೂ ಮೂಡುತ್ತದೆ, ಪೂರ್ವದಿಕ್ಕಿಗೂ ಮೂಡಣ ಎಂದೇ ಹೆಸರು. ಮೂಡುಬಿದಿರೆ ಎಂಬ ಊರಿನ ಹೆಸರಿನಲ್ಲಿರುವುದೂ ಪೂರ್ವ ಎಂಬರ್ಥದ ಈ 'ಮೂಡು'ವೇ. ಗ್ರೀಕಿನ ಆ ಒಂದು ಪದವನ್ನು ಇಂಗ್ಲಿಷಿಗೆ ತರುವುದು ಎಷ್ಟು ಕಷ್ಟವೋ ಕನ್ನಡಕ್ಕೆ ತರುವುದು ಅಷ್ಟೇ ಸುಲಭವೆನ್ನಬೇಕು.

ಟಿಂಡೇಲ್ ಆರಿಸಿದ ಮಾತು

ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಜಾನ್ ವಿಕ್ಲಿಫ್‌ನ ಬಳಗ ಲ್ಯಾಟಿನ್ನಿನಿಂದ ಬೈಬಲನ್ನು ಇಂಗ್ಲಿಷಿಗೆ ತಂದಾಗ ಈ ಜಾಗದಲ್ಲಿ 'ಸ್ಪ್ರಿಂಗಿಂಗ್ ಅಪ್', ಅಂದರೆ ಮೇಲೆ ಚಿಮ್ಮುವುದು ಎಂದು ಬರೆಯಿತು. ವಿಲಿಯಂ ಟಿಂಡೇಲ್ ಗ್ರೀಕ್ ಮೂಲದಿಂದಲೇ ಅನುವಾದಿಸಿ 1526ರಲ್ಲಿ ಜರ್ಮನಿಯ ವೋರ್ಮ್ಸ್ ನಗರದಲ್ಲಿ ಮುದ್ರಿಸಿದ ಹೊಸ ಒಡಂಬಡಿಕೆಯಲ್ಲಿ ಅದೇ ಜಾಗಕ್ಕೆ 'ಡೇಸ್‌ಪ್ರಿಂಗ್' ಬಂದಿತು.

ಟಿಂಡೇಲ್‌ನ ಗುರಿ ಸ್ಪಷ್ಟವಾಗಿತ್ತು. ನೇಗಿಲು ಹೂಡುವ ಹುಡುಗನಿಗೂ ಧರ್ಮಗ್ರಂಥ ತಿಳಿಯುವಂತೆ ಮಾಡುತ್ತೇನೆ ಎಂದು ಆತ ಪಂಡಿತನೊಬ್ಬನೊಡನೆ ವಾದಿಸಿದ ಪ್ರಸಂಗವನ್ನು ಜಾನ್ ಫಾಕ್ಸ್ ಎಂಬ ಚರಿತ್ರೆಕಾರ ದಾಖಲಿಸಿದ್ದಾನೆ. ಧರ್ಮಾಧಿಕಾರಿಗಳ ಅನುಮತಿಯಿಲ್ಲದೆ ಬೈಬಲನ್ನು ಇಂಗ್ಲಿಷಿಗೆ ತರುವುದು ಆ ಕಾಲದ ಇಂಗ್ಲೆಂಡಿನಲ್ಲಿ ನಿಷಿದ್ಧವಾಗಿತ್ತು. ಕಳ್ಳಸಾಗಣೆಯಲ್ಲಿ ಬಂದ ಆತನ ಪುಸ್ತಕದ ಪ್ರತಿಗಳನ್ನು ಲಂಡನ್ನಿನ ಬಿಷಪ್ ಸುಡಿಸಿದನು. 1536ರಲ್ಲಿ ಇಂದಿನ ಬೆಲ್ಜಿಯಂನ ವಿಲ್ವೋರ್ಡೆ ಎಂಬಲ್ಲಿ ಟಿಂಡೇಲ್‌ನನ್ನು ಕತ್ತು ಬಿಗಿದು ಕೊಂದು, ದೇಹವನ್ನು ಸುಡಲಾಯಿತು. ಜನರಾಡುವ ಭಾಷೆಗಾಗಿ ಪ್ರಾಣ ತೆತ್ತವನು ಆರಿಸಿಕೊಂಡ ಮಾತುಗಳಲ್ಲಿ 'ಡೇಸ್‌ಪ್ರಿಂಗ್' ಕೂಡ ಒಂದು ಎಂಬುದನ್ನು ಇಲ್ಲಿ ನೆನೆಯಬೇಕು.

ಗ್ರಂಥ ಉಳಿಸಿತು, ಮಾತು ಬಿಟ್ಟಿತು

1611ರಲ್ಲಿ ಪ್ರಕಟವಾದ ಕಿಂಗ್ ಜೇಮ್ಸ್ ಬೈಬಲ್ ಟಿಂಡೇಲ್‌ನ ಅನುವಾದವನ್ನು ಬಹುಮಟ್ಟಿಗೆ ಆಧರಿಸಿದೆ. ಲೂಕನ ಸುವಾರ್ತೆಯಲ್ಲಿ 'ಡೇಸ್‌ಪ್ರಿಂಗ್' ಹಾಗೆಯೇ ಉಳಿಯಿತು. ಯೋಬನ ಗ್ರಂಥದ 38ನೆಯ ಅಧ್ಯಾಯದಲ್ಲಿಯೂ ಈ ಪದವಿದೆ. ಅರುಣೋದಯಕ್ಕೆ ಅದರ ಸ್ಥಳವನ್ನು ತೋರಿಸಿಕೊಟ್ಟವನು ನೀನೋ ಎಂಬರ್ಥದಲ್ಲಿ ದೇವರು ಯೋಬನನ್ನು ಪ್ರಶ್ನಿಸುವ ಸಂದರ್ಭವದು. ಸಮುವೇಲನ ಮೊದಲ ಗ್ರಂಥದಲ್ಲಿ ಬೆಳಗಿನ ಹೊತ್ತನ್ನು 'ದಿನದ ಸ್ಪ್ರಿಂಗ್' ಎಂದು ಬಿಡಿಸಿ ಹೇಳಲಾಗಿದೆ. ಅದೇ ಬೈಬಲಿನಲ್ಲಿ 'ಡಾನ್' ಕ್ರಿಯಾಪದವಾಗಿ ಬರುತ್ತದೆಯೇ ಹೊರತು ನಾಮಪದವಾಗಿ ಅಲ್ಲ.

ಆದರೆ ಗ್ರಂಥದ ಹೊರಗೆ ಗಾಳಿ ಬೇರೆ ದಿಕ್ಕಿಗೆ ಬೀಸುತ್ತಿತ್ತು. ಹಳೆಯ ಇಂಗ್ಲಿಷಿನಲ್ಲಿ ಬೆಳಗಾಗು ಎಂಬುದಕ್ಕೆ 'ಡಾಗಿಯನ್' ಎಂಬ ಕ್ರಿಯಾಪದವಿತ್ತು. ಸ್ಕ್ಯಾಂಡಿನೇವಿಯಾದ ಭಾಷೆಗಳ ಪ್ರಭಾವದಿಂದ ಬಂತೆನ್ನಲಾದ 'ಡಾನಿಂಗ್' ರೂಪ 1300ರ ಹೊತ್ತಿಗೆ ಚಾಲ್ತಿಯಲ್ಲಿತ್ತು. ಅದರಿಂದ ಹದಿನೈದನೆಯ ಶತಮಾನದ ಕೊನೆಯಲ್ಲಿ 'ಡಾನ್' ಎಂಬ ಕ್ರಿಯಾಪದವೂ, ಮತ್ತೆ ನೂರು ವರ್ಷಗಳಲ್ಲಿ ನಾಮಪದವೂ ಸಿದ್ಧವಾದವು. ಹದಿನಾರನೆಯ ಶತಮಾನದಲ್ಲಿ 'ಡೇಬ್ರೇಕ್' ಕೂಡ ಬಂದು ಸೇರಿತು. ದಿನನಿತ್ಯದ ಮಾತಿನ ಜಾಗ ಈ ಪದಗಳ ಪಾಲಾಯಿತು. 'ಡೇಸ್‌ಪ್ರಿಂಗ್'ಗೆ ಉಳಿದದ್ದು ಪ್ರಾರ್ಥನೆ ಮತ್ತು ಕಾವ್ಯ.

ಪ್ರಾರ್ಥನೆಯಲ್ಲಿ ಮಾತ್ರ ಅದರ ಸ್ಥಾನ ಭದ್ರವಾಗಿತ್ತು. ಜಕರೀಯನ ಸ್ತೋತ್ರವನ್ನು ಚರ್ಚ್ ಆಫ್ ಇಂಗ್ಲೆಂಡ್ ತನ್ನ ಪ್ರಾತಃಕಾಲದ ಪ್ರಾರ್ಥನಾ ಕ್ರಮದಲ್ಲಿ ಅಳವಡಿಸಿಕೊಂಡಿತ್ತು. ಆದ್ದರಿಂದ ಓದು ಬರಹ ಬಾರದವರ ಕಿವಿಗೂ ಈ ಪದ ಬೀಳುತ್ತಿತ್ತು. ಹಾಗೆ ಬಿದ್ದಾಗಲೆಲ್ಲ ಅದು ದೇವರ ಸನ್ನಿಧಿಯ ಪದವಾಗಿ ಬೀಳುತ್ತಿತ್ತೇ ಹೊರತು ಹಟ್ಟಿಯ, ಹೊಲದ ಪದವಾಗಿ ಅಲ್ಲ.

ಕುರುಡ ಕವಿಯ ಬೆಳಗು

ಕಾವ್ಯದಲ್ಲಿ ಈ ಪದಕ್ಕೆ ಘನತೆ ತಂದವನು ಜಾನ್ ಮಿಲ್ಟನ್. 1667ರ 'ಪ್ಯಾರಡೈಸ್ ಲಾಸ್ಟ್' ಮಹಾಕಾವ್ಯದ ಐದನೆಯ ಸರ್ಗದಲ್ಲಿ ಆದಮ ಮತ್ತು ಹವ್ವ ಬೆಳಗಿನ ಪ್ರಾರ್ಥನೆಗೆ ಹೊರಬರುವಾಗ ಈ ಪದ ಬರುತ್ತದೆ. ಅದಕ್ಕಿಂತಲೂ ಮನಮುಟ್ಟುವ ಬಳಕೆ 1671ರ 'ಸ್ಯಾಮ್ಸನ್ ಅಗೊನಿಸ್ಟೀಸ್' ನಾಟಕದ ಆರಂಭದಲ್ಲಿದೆ. ಶತ್ರುಗಳು ಕಣ್ಣು ಕಿತ್ತು, ಗಾಜಾದ ಸೆರೆಯಲ್ಲಿ ದುಡಿಸುತ್ತಿರುವ ಸ್ಯಾಮ್ಸನ್‌ಗೆ ಹಬ್ಬದ ನಿಮಿತ್ತ ಒಂದು ದಿನದ ಬಿಡುವು ಸಿಕ್ಕಿದೆ. ಹೊರಗೆ ಬಂದು ಕುಳಿತ ಅವನಿಗೆ ಬೆಳಗು ಕಾಣುವುದಿಲ್ಲ. ಬೆಳಗಿನೊಡನೆ ಹುಟ್ಟಿದ ತಂಗಾಳಿ ಮೈಸೋಕಿದಾಗ ಮಾತ್ರ ಅದು ತಿಳಿಯುತ್ತದೆ. ಮಿಲ್ಟನ್ 1652ರ ವೇಳೆಗೆ ಪೂರ್ಣ ದೃಷ್ಟಿಹೀನನಾಗಿದ್ದನು. ಕಾಣದ ಬೆಳಗನ್ನು ಹೇಳಲು ಆತ ಆರಿಸಿಕೊಂಡದ್ದು 'ಡೇಸ್‌ಪ್ರಿಂಗ್' ಎಂಬ ಪದವನ್ನು.

ಹಾಡಾಗಿ, ಹಡಗಾಗಿ

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಪದಕ್ಕೆ ಹೊಸ ಆಶ್ರಯ ದೊರೆಯಿತು. ಕ್ರಿಸ್‌ಮಸ್‌ಗೆ ಮುನ್ನಿನ ಏಳು ದಿನ ಸಂಜೆಯ ಆರಾಧನೆಯಲ್ಲಿ ಏಳು ಪ್ರಾಚೀನ ಲ್ಯಾಟಿನ್ ಸಂಬೋಧನೆಗಳನ್ನು ಹಾಡುವುದು ಪಶ್ಚಿಮದ ಚರ್ಚುಗಳ ಸಂಪ್ರದಾಯ. ರೋಮನ್ ಪದ್ಧತಿಯಂತೆ ಡಿಸೆಂಬರ್ 21ರಂದು ಹಾಡುವ ಸಂಬೋಧನೆ 'ಓ ಓರಿಯೆನ್ಸ್', ಅಂದರೆ ಓ ಉದಯವೇ ಎಂದು. ಉತ್ತರ ಗೋಳಾರ್ಧದಲ್ಲಿ ಅತಿ ದೀರ್ಘ ರಾತ್ರಿ ಬೀಳುವುದೂ ಹೆಚ್ಚುಕಡಿಮೆ ಅದೇ ದಿನ. ಈ ಸಂಬೋಧನೆಗಳ ಪದ್ಯರೂಪವನ್ನು ಜಾನ್ ಮೇಸನ್ ನೀಲ್ 1851ರಲ್ಲಿ ಇಂಗ್ಲಿಷಿಗೆ ತಂದನು. 1861ರಲ್ಲಿ ಹೊರಬಂದ ಪ್ರಸಿದ್ಧ ಸ್ತೋತ್ರಸಂಗ್ರಹದಲ್ಲಿ ಅದನ್ನು ಪರಿಷ್ಕರಿಸಿದಾಗ 'ಓರಿಯೆನ್ಸ್' ಜಾಗಕ್ಕೆ 'ಡೇಸ್‌ಪ್ರಿಂಗ್' ಬಂದಿತು. 'ಓ ಕಮ್, ಓ ಕಮ್, ಇಮ್ಯಾನ್ಯುಯೆಲ್' ಎಂದೇ ಹೆಸರಾದ ಆ ಹಾಡಿನ ಮೂಲಕ ಈ ಪದ ಇಂದಿಗೂ ಲಕ್ಷಾಂತರ ಜನರ ಬಾಯಲ್ಲಿದೆ, ಅದೂ ವರ್ಷದ ಕೆಲವೇ ದಿನ.

ಇದೇ ಶತಮಾನದಲ್ಲಿ ಹಡಗುಗಳಿಗೂ ಈ ಹೆಸರಿಡಲಾಯಿತು. 1857ರಲ್ಲಿ ಆಫ್ರಿಕಾದ ನೈಜರ್ ನದಿಯ ಅನ್ವೇಷಣೆಗೆ ಹೊರಟ 'ಡೇಸ್‌ಪ್ರಿಂಗ್' ಎಂಬ ಉಗಿಹಡಗು ಆ ವರ್ಷದ ಅಕ್ಟೋಬರ್‌ನಲ್ಲಿ ಜೆಬ್ಬಾ ಬಳಿ ಬಂಡೆಗೆ ಅಪ್ಪಳಿಸಿ ನಾಶವಾಯಿತು. ಮುಂದೆ ಆಫ್ರಿಕನ್ ಮೂಲದ ಮೊದಲ ಆಂಗ್ಲಿಕನ್ ಬಿಷಪ್ ಆದ ಸ್ಯಾಮ್ಯುಯೆಲ್ ಕ್ರೌಥರ್ ಆ ಯಾತ್ರೆಯಲ್ಲಿದ್ದನು. 1863ರಲ್ಲಿ ಕೆನಡಾದ ನೋವಾ ಸ್ಕೋಶಿಯಾದಲ್ಲಿ, ಇಂದಿನ ವನುವಾಟು ದ್ವೀಪಗಳ ಮಿಷನರಿಗಳಿಗಾಗಿ ನಿರ್ಮಿಸಿದ ಇನ್ನೊಂದು 'ಡೇಸ್‌ಪ್ರಿಂಗ್' ಹಡಗು 1873ರ ಚಂಡಮಾರುತಕ್ಕೆ ಬಲಿಯಾಯಿತು.

ಇಪ್ಪತ್ತನೆಯ ಶತಮಾನದ ಸಾಹಿತ್ಯದಲ್ಲಿ ಈ ಪದವನ್ನು ನೆನಪಿಗೆ ತರುವುದು ರಡ್ಯಾರ್ಡ್ ಕಿಪ್ಲಿಂಗ್‌ನ 'ಡೇಸ್‌ಪ್ರಿಂಗ್ ಮಿಸ್‌ಹ್ಯಾಂಡಲ್ಡ್' ಎಂಬ 1928ರ ಕಥೆ. ಚಾಸರನದೆಂದು ನಂಬಿಸಲು ಖೋಟಾ ಕವಿತೆಯನ್ನು ಸೃಷ್ಟಿಸುವ ಸೇಡಿನ ಕಥೆಯದು. ಚಾಸರನ ಕಾಲದಲ್ಲಿ ಛತ್ರದವನಿಗೂ ಸಹಜವಾಗಿದ್ದ ಮಾತು, ಆ ಹೊತ್ತಿಗೆ ಹಳತಿನ ವಾಸನೆ ಬೀರುವ ಪದವಾಗಿತ್ತು.

ಉಷಸ್ಸಿನ ನೆನಪು

ಇಂಗ್ಲಿಷ್ ಮರೆತ ಬೆಳಗಿನ ಪದಗಳ ಪೈಕಿ ಎಲ್ಲಕ್ಕಿಂತ ಹಳೆಯದರ ಗುರುತು ಇನ್ನೂ ಆ ಭಾಷೆಯಲ್ಲಿ ಅಡಗಿದೆ. ವೇದಗಳ 'ಉಷಸ್', ಗ್ರೀಕರ 'ಇಯೋಸ್', ಲ್ಯಾಟಿನ್ನಿನ 'ಅರೋರಾ', ಲಿಥುವೇನಿಯಾದ 'ಔಶ್ರಾ' ಒಂದೇ ಧಾತುವಿನ ಮಕ್ಕಳು. ಇಂಗ್ಲಿಷಿನಲ್ಲಿ ಆ ಧಾತು ಬೆಳಗಿನ ಹೆಸರಾಗಿ ಉಳಿಯಲಿಲ್ಲ. ಆದರೆ ಸೂರ್ಯ ಹುಟ್ಟುವ ದಿಕ್ಕಿನ ಹೆಸರಾದ 'ಈಸ್ಟ್'ನಲ್ಲಿ ಅದಿದೆ. 'ಈಸ್ಟರ್' ಹಬ್ಬದ ಹೆಸರನ್ನೂ ವಿದ್ವಾಂಸರು ಇದೇ ಧಾತುವಿಗೆ ಸೇರಿಸುತ್ತಾರೆ.

ಟಿಂಡೇಲ್‌ನ ಹಾದಿಯಲ್ಲಿ ಯಾರು?

ಇಪ್ಪತ್ತನೆಯ ಶತಮಾನದ ಬೈಬಲ್ ಅನುವಾದಕರ ಮುಂದೆ ಒಂದು ಇಕ್ಕಟ್ಟು ಎದುರಾಯಿತು. 1881ರ ಪರಿಷ್ಕೃತ ಆವೃತ್ತಿಯವರೆಗೂ 'ಡೇಸ್‌ಪ್ರಿಂಗ್' ಸ್ಥಿರವಾಗಿತ್ತು. 1946ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಆವೃತ್ತಿ ಲೂಕನ ಸುವಾರ್ತೆಯಲ್ಲಿ ಅದನ್ನು ಕೈಬಿಟ್ಟು 'ಡಾನ್' ಕ್ರಿಯಾಪದವನ್ನು ತಂದಿತು. 1970ರ ದಶಕದ 'ನ್ಯೂ ಇಂಟರ್‌ನ್ಯಾಷನಲ್' ಆವೃತ್ತಿ 'ಉದಯಿಸುವ ಸೂರ್ಯ' ಎಂಬರ್ಥದ ಮಾತನ್ನು ಬಳಸಿತು. 2001ರ 'ಇಂಗ್ಲಿಷ್ ಸ್ಟ್ಯಾಂಡರ್ಡ್' ಆವೃತ್ತಿ 'ಸನ್‌ರೈಸ್' ಎಂದಿತು. 1982ರ 'ನ್ಯೂ ಕಿಂಗ್ ಜೇಮ್ಸ್' ಆವೃತ್ತಿ ಮಾತ್ರ ಹಳೆಯ ಪದವನ್ನು ಉಳಿಸಿಕೊಂಡಿತು.

ಪದವನ್ನು ಉಳಿಸಿದವರು ಟಿಂಡೇಲ್‌ನ ಆಯ್ಕೆಗೆ ನಿಷ್ಠರಾದರು. ಪದವನ್ನು ಬಿಟ್ಟವರು ಅವನ ಉದ್ದೇಶಕ್ಕೆ ನಿಷ್ಠರಾದರು, ಏಕೆಂದರೆ ಇಂದು ಹೊಲಕ್ಕೆ ಹೋಗುವ ಹುಡುಗನಿಗೆ ತಿಳಿಯುವುದು 'ಸನ್‌ರೈಸ್'. ಎರಡನ್ನೂ ಒಟ್ಟಿಗೆ ಪಾಲಿಸುವುದು ಸಾಧ್ಯವಾಗಲಿಲ್ಲ. ಹೊಸ ಪದಗಳಲ್ಲಿ ಬೆಳಗಿನ ಅರ್ಥ ಪೂರ್ತಿಯಾಗಿದೆ. ಚಿಗುರು, ಬುಗ್ಗೆ, ಚಿಮ್ಮುವಿಕೆಗಳ ನೆರಳು ಮಾತ್ರ ಅವುಗಳಲ್ಲಿಲ್ಲ. ಗ್ರೀಕ್ ಪದದ ಉದಯ ಮತ್ತು ಮೊಳಕೆ ಎರಡನ್ನೂ ಒಟ್ಟಿಗೆ ಹಿಡಿದಿಟ್ಟಿದ್ದ ಇಂಗ್ಲಿಷ್ ಮಾತು ಈಗ ಡಿಸೆಂಬರಿನ ಹಾಡಿಗಾಗಿ ವರ್ಷವಿಡೀ ಕಾಯುತ್ತದೆ.